ಮುರಿದವನು ನೋಡುತ್ತ ಕೂರಬೇಕು

ನೀರೆಲ್ಲೆ ಶಕೆ ಇನ್ನೂರ ಹದಿನಾಲ್ಕು, ಆಷಾಢದ ಮೂವತ್ತೊಂಬತ್ತನೆಯ ತಾರೀಖು
ಹೊನ್ನಕ್ಕನ ಗಡಿಠಾಣೆ, ಘಟ್ಟದ ಕೆಳಗೆ

ಸರ್ಕಲ್ಲಿನಲ್ಲಿ ಪೊಲೀಸರ ಟೋಪಿ ಕಂಡೊಡನೆ ಪಕ್ಕದ ಸಂದಿಗೆ ಗಾಡಿ ತಿರುಗಿಸುವ ಪರಮಪೂಜ್ಯ ಪೂರ್ವಜರ ಸನ್ನಿಧಾನಕ್ಕೆ, ಇನ್ನೂ ಹುಟ್ಟಬೇಕಾಗಿರುವ ತೋಂಟೇಶನ ಸಾಷ್ಟಾಂಗ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮಳೆ ನಿಲ್ಲುವ ತನಕ ಆಷಾಢ ಮುಗಿಯುವುದಿಲ್ಲ. ಮುಗಿಯುವ ತನಕ ದಿನಗಳನ್ನು ಎಣಿಸುತ್ತ ಹೋಗುತ್ತೇವೆ. ನಮ್ಮಜ್ಜ ಹುಟ್ಟಿದ್ದು ಒಂದು ಆಷಾಢದ ಅರವತ್ತೆಂಟನೆಯ ತಾರೀಖು. ಆ ತಾರೀಖು ಮತ್ತೆ ಬಂದೇ ಇಲ್ಲ. ಆದ್ದರಿಂದ ತಾನು ಇನ್ನೂ ಒಂದನೆಯ ಹುಟ್ಟುಹಬ್ಬ ಕಾಣದ ಕೂಸೆಂದು ವಾದಿಸಿ ಅವನು ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಹೋಳಿಗೆ ಬಡಿಸಿಕೊಳ್ಳುತ್ತಾನೆ. ನನ್ನ ಮಾತುಗಳು ತಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ತಮ್ಮ ಕನ್ನಡವನ್ನು ನಾನು ಕಲಿತದ್ದು ವಸ್ತುಸಂಗ್ರಹಾಲಯದಲ್ಲಿಟ್ಟಿರುವ ಒಂದು ಲಾರಿಯ ಹಿಂಬದಿ ಓದಿ.

ಈ ಪತ್ರ ತಮಗೆ ತಲುಪುವುದು ಹಿಂದಂಚೆಯಿಂದ. ಅದು ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಮುಂದಕ್ಕೆ ಹೋಗುವ ಅಂಚೆಗಿಂತ ಬೇಗ ಮುಟ್ಟುತ್ತದೆ. ಆದರೆ ಅದಕ್ಕೊಂದು ಕಟ್ಟಳೆಯಿದೆ: ಪೂರ್ವಜರಿಗೆ ಉಪಯೋಗವಾಗುವ ಯಾವುದನ್ನೂ ಬರೆಯುವಂತಿಲ್ಲ. ಯಾವ ವರ್ಷ ನೆರೆ ಬರುತ್ತದೆ, ಯಾವ ಊರಲ್ಲಿ ನಿವೇಶನ ಕೊಳ್ಳಬೇಕು, ಇಂಥದ್ದೆಲ್ಲ ಅಳಿಸಿಹೋಗುತ್ತದೆ. ಉಳಿಯುವುದು ಬರೆದವನ ಮಾನಮರ್ಯಾದೆಗೆ ಸಂಬಂಧಿಸಿದ್ದು ಮಾತ್ರ. ನನ್ನಲ್ಲಿ ಈ ಹೊತ್ತು ಅದರದೇ ತಾಪತ್ರಯವಾದ್ದರಿಂದ ಪತ್ರ ಪೂರ್ತಿ ಮುಟ್ಟುವುದೆಂದು ನಂಬಿದ್ದೇನೆ.

ವಿಷಯಕ್ಕೆ ಬರುತ್ತೇನೆ. ತಮ್ಮ ಕಾಲದ ದೇಶಗಳು ಈಗಿಲ್ಲ. ನೀರೆಲ್ಲೆ ಒಪ್ಪಂದವಾದ ಮೇಲೆ ಬಿದ್ದ ಮಳೆ ಎತ್ತ ಹರಿಯುತ್ತದೆಯೋ ಅದೇ ದೇಶ. ಘಟ್ಟದ ನೆತ್ತಿಯಿಂದ ಮೂಡಲಿಗೆ ಹರಿದರೆ ಮೂಡುನೀರು; ಅದು ನನ್ನ ದೇಶ, ತಾವು ಗದಗಿನ ಸೀಮೆ ಎನ್ನುತ್ತಿದ್ದದ್ದು ಅದರೊಳಗೆ ಬರುತ್ತದೆ. ಪಡುವಲಿಗೆ ಹರಿದರೆ ಪಡುನೀರು, ಎಂದರೆ ಕಡಲಿನವರ ದೇಶ. ನೆತ್ತಿಯ ಮೇಲೊಂದು ಚಹಾದಂಗಡಿಯಿದೆ. ಅದರ ಮಾಡಿನ ಒಂದು ಇಳಿಜಾರು ಇತ್ತ, ಇನ್ನೊಂದು ಅತ್ತ. ಬೆಂಚಿನ ಮೇಲೆ ಕೂತವನು ಸ್ವಲ್ಪ ಸರಿದು ಕೂತರೂ ವಿದೇಶಪ್ರವಾಸ ಮಾಡಿದಂತೆಯೇ.

ದೇಶ ಬೇರೆಯಾದಂತೆ ಗಾಡಿಯನ್ನು ತಡೆದು ಕೇಳುವ ಪ್ರಶ್ನೆಯೂ ಬೇರೆ. ತಮ್ಮ ಕಾಲದಲ್ಲೂ ಹೀಗಿತ್ತಂತೆ. ಒಂದು ದೇಶದಲ್ಲಿ ನಂಬರು ಗಾಡಿಗೆ ಅಂಟಿಕೊಂಡಿರುತ್ತಿತ್ತು. ಇನ್ನೊಂದರಲ್ಲಿ ಯಜಮಾನನಿಗೆ ಅಂಟಿಕೊಂಡು, ಗಾಡಿ ಮಾರಿದರೂ ಅವನ ಜೊತೆಗೇ ಮನೆಗೆ ಬರುತ್ತಿತ್ತು. ಒಂದು ಕಡೆ ವಿಮೆಯ ಚೀಟಿಯನ್ನು ಗಾಜಿಗೆ ಹಚ್ಚಬೇಕಿತ್ತು, ಇನ್ನೊಂದು ಕಡೆ ಯಾವ ಚೀಟಿಯೂ ಇಲ್ಲದೆ ರಸ್ತೆಬದಿಯ ಕ್ಯಾಮೆರಾ ತಾನೇ ಓದಿಕೊಳ್ಳುತ್ತಿತ್ತು. ತಮ್ಮಲ್ಲಂತೂ ಎಲ್ಲ ಕಾಗದಗಳೂ ಮನೆಯ ಕಪಾಟಿನಲ್ಲಿರುತ್ತಿದ್ದವು ಮತ್ತು ತಾವು ಯಾವಾಗಲೂ ಇಲ್ಲೇ ತರಕಾರಿಗೆ ಹೊರಟಿರುತ್ತಿದ್ದಿರಿ. ನಮ್ಮ ಬಡಗಣದ ನೆರೆದೇಶ ಭೀಮೆನೀರಿನಲ್ಲಿ, ಎಂದರೆ ಮಳೆ ಭೀಮಾ ನದಿಗೆ ಹರಿಯುವ ಕಡೆ, ಗಾಡಿಗೆ ಬಿದ್ದ ತಗ್ಗನ್ನು ತಟ್ಟಿ ಸರಿಮಾಡುವುದೇ ಅಪರಾಧ. ಅಲ್ಲಿ ಗಾಯ ಓದುವ ಅಧಿಕಾರಿಗಳಿದ್ದಾರೆ. ಬಾಗಿಲಿನ ಮೇಲೆ ಕೈಯಾಡಿಸಿ, 'ಇದು ಎಮ್ಮೆ, ಇದು ಮದುವೆ ಚಪ್ಪರ, ಇದು ಸ್ವಂತ ಮನೆ ಗೋಡೆ' ಎಂದು ಯಜಮಾನನ ಜಾತಕ ಹೇಳಿಬಿಡುತ್ತಾರೆ. ಬಣ್ಣ ಬಳಿದ ಗಾಡಿ ಕಂಡರೆ ಒಳಗೇ ಬಿಡುವುದಿಲ್ಲ.

ನಮ್ಮ ಮೂಡುನೀರಿನಲ್ಲಿ ಇದೆಲ್ಲ ರಗಳೆಯಿಲ್ಲ. ಪ್ರತಿ ಗಾಡಿಯ ಹೊಟ್ಟೆಯಲ್ಲೂ ಒಂದು ಗುರುತುಬೀಜ ಹುದುಗಿಸಿರುತ್ತಾರೆ, ಪ್ರತಿ ಚೌಕದಲ್ಲೂ ಒಂದು ಕಣ್ಗಂಬ ನಿಂತಿರುತ್ತದೆ. ನಾವು ಹಾಯ್ದು ಹೋಗುವಾಗ ಕಂಬವು ಬೀಜ ಓದುತ್ತದೆ. ನೋಂದಣಿ, ವಿಮೆ ಎರಡೂ ಸರಿಯಿದ್ದರೆ ಸುಮ್ಮನಿರುತ್ತದೆ. ಓದಲಾಗದಿದ್ದರೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಯಾರಾದರೂ ಗುದ್ದಿದರೆ ರಿಪೇರಿಯಂತ್ರ ತಾನಾಗಿ ಬಂದು, ಕೆಟ್ಟದ್ದನ್ನು ನೆಟ್ಟಗೆ ಮಾಡಿ, ಹೊರಟುಹೋಗುತ್ತದೆ. ಗುದ್ದಿದವನೂ ಗುದ್ದಿಸಿಕೊಂಡವನೂ ಮುಖ ನೋಡುವ ಪ್ರಸಂಗವೇ ಬರುವುದಿಲ್ಲ. ನಾನು ಈ ತನಕ ಹಲವು ಸಲ ಗುದ್ದಿದ್ದೇನೆ. ಯಾರಿಗೆ ಗುದ್ದಿದೆನೆಂದು ಇವತ್ತಿಗೂ ಗೊತ್ತಿಲ್ಲ. ಇದನ್ನು ಮೊನ್ನೆಯವರೆಗೆ ನಾನು ನಾಗರಿಕತೆ ಎಂದು ತಿಳಿದಿದ್ದೆ.

ಇಲ್ಲಿ ಒಬ್ಬರನ್ನು ತಮಗೆ ಪರಿಚಯಿಸಬೇಕು. ಸಭಾಭೂಷಣ ಅಂದಾನೆಪ್ಪ ಮುಳಗುಂದ, ನಮ್ಮೂರಿನ ಹಿರಿಯರು, ನನಗೆ ಕಾಕಾ ಅನ್ನಬೇಕಾದವರು. ಸಭಾಭೂಷಣ ಎಂಬ ಬಿರುದನ್ನು ಅವರೇ ತಮಗೆ ಕೊಟ್ಟುಕೊಂಡು, ಅದನ್ನು ಸ್ವೀಕರಿಸುತ್ತ ಒಂದು ಭಾಷಣ ಮಾಡಿದರು. ನಲ್ಲಿಗೆ ಹೊಸ ತಿರುಪು ಹಾಕಿದರೆ ಭಾಷಣ, ಎಮ್ಮೆ ಅವಳಿ ಹಾಕಿದರೆ ಭಾಷಣ. ಬಿಸಿಲಿರಲಿ ಮಳೆಯಿರಲಿ ಕರಿಕೋಟು, ತಲೆಗೆ ಸುತ್ತಿದ ಪಟಗಾ, ಹೆಗಲ ಮೇಲೆ ಶಲ್ಯ. ಇಂಥವರನ್ನು ದೇವರು ಸೃಷ್ಟಿಸುವುದೇ ನನ್ನಂಥವರಿಗಾಗಿ ಎಂದು ಭಾವಿಸಿ, ನಾನು ಕೆಲವು ದಿನ ನಸುಕಿನಲ್ಲೆದ್ದು ಅವರ ಗಾಡಿಯ ಗುರುತುಬೀಜದ ಮೇಲೆ ಸಗಣಿ ಮೆತ್ತುವ ವ್ರತ ಹಿಡಿದೆ. ಚೌಕಕ್ಕೆ ಬಂದರೆ ಸಾಕು, ಕಂಬ "ಗುರುತಿಲ್ಲ! ವಿಮೆಯಿಲ್ಲ!" ಎಂದು ಬಾಯಿಬಡಿದುಕೊಳ್ಳುತ್ತಿತ್ತು. ಕಾಕಾ ಗಾಡಿಯಿಂದಿಳಿದು, ಕಂಬಕ್ಕೆ ಕೈಮುಗಿದು, "ಐತ್ರಿ, ಎಲ್ಲಾ ಐತಿ. ತಮ್ಮ ಕಣ್ಣಾಗ ಏನರ ಧೂಳ ಬಿದ್ದಿರಬೇಕು" ಎಂದು ಶಲ್ಯದ ಚುಂಗಿನಿಂದ ಅದರ ಕಣ್ಣೊರೆಸುತ್ತಿದ್ದರು. ದಿನಾ. ನಾನೂ ಗೆಳೆಯ ಇಮಾಮನೂ ಕಿರಾಣಿ ಅಂಗಡಿಯ ಕಟ್ಟೆಯ ಹಿಂದೆ ಹೊಟ್ಟೆ ಹಿಡಿದು ಉರುಳುತ್ತಿದ್ದೆವು. ಕ್ರಮೇಣ ಊರೇ ಆ ಹೊತ್ತಿಗೆ ಕಟ್ಟೆಗೆ ಬಂದು ನಿಲ್ಲತೊಡಗಿತು.

ಹೀಗಿರುವಾಗ ನನಗೆ ಕಡಲು ನೋಡುವ ಮನಸ್ಸಾಯಿತು. ಕಡಲು ವರ್ಷವರ್ಷ ಹತ್ತಿರ ಬರುತ್ತಿದೆ ಎನ್ನುತ್ತಾರೆ. ಹಿರಿಯರು ಬರುವಾಗ ನಾವೇ ನಾಲ್ಕು ಹೆಜ್ಜೆ ಎದುರು ಹೋಗುವುದು ಸೌಜನ್ಯವೆಂದು ನನ್ನ ಮೂರು ಚಕ್ರದ ಗಾಡಿಯಲ್ಲಿ ಘಟ್ಟವಿಳಿದೆ. ಕೆಳಗೆ ಪಡುನೀರಿನ ಗಡಿ. ಬಿದಿರುತಟ್ಟಿಯ ಒಂದು ಗೇಟು, ಒಂದು ಬೆಂಚು, ಬೆಂಚಿನ ಮೇಲೆ ಸಿಗಡಿ ಸುಲಿಯುತ್ತ ಕೂತ ಒಬ್ಬ ಹೆಂಗಸು. ಅವರೇ ತನಿಖಾಧಿಕಾರಿ ಹೊನ್ನಕ್ಕ.

"ಯಾರ ಹೊಣೆ ತಮಾ?" ಎಂದರು.

ನನಗೆ ತಿಳಿಯಲಿಲ್ಲ. ಕಂಬ ಎಲ್ಲಿದೆ ಎಂದು ಕೇಳಿದೆ.

"ಕಂಬ ಎಂತಕ್ಕೆ? ನೀ ಯಾರದಾದ್ರೂ ದೋಣಿ ಒಡದ್ರೆ ಕಂಬ ಬಂದು ಹೊಲೂಕೆ ಆಗ್ತದ್ಯಾ? ಒಂದು ಹೆಸ್ರು ಹೇಳು."

ಆ ದೇಶದ ಪದ್ಧತಿಯನ್ನು ನಾನು ಆಗಲೇ ಕೇಳಿ ತಿಳಿಯಬೇಕಿತ್ತು. ಕೇಳಲಿಲ್ಲ. ಹೆಸರು ಎಂದರೆ ನಮ್ಮಲ್ಲಿ ಯಂತ್ರದ ಬಾಗಿಲು ತೆರೆಯಲು ಒತ್ತುವ ಗುಪ್ತಪದ ಇದ್ದ ಹಾಗೆ. ಯಾವುದೋ ಒಂದು ಒತ್ತಿದರಾಯಿತು. ಎದೆಯುಬ್ಬಿಸಿ, "ಸಭಾಭೂಷಣ ಅಂದಾನೆಪ್ಪ ಮುಳಗುಂದ!" ಎಂದು ಸಾರಿದೆ. ಹೊನ್ನಕ್ಕ ಸಿಗಡಿ ಬದಿಗಿಟ್ಟು ಎದ್ದು ನಿಂತು, ಆ ಹೆಸರನ್ನು ನಾಲ್ಕೂ ದಿಕ್ಕಿಗೆ ಕೂಗಿ ಹೇಳಿದರು. ಗೇಟಿನಲ್ಲಿದ್ದವರೆಲ್ಲ ಮರುಕೂಗು ಕೊಟ್ಟರು. ಬಿರುದು ಸಮೇತ. ನನಗೆ ನಗು ತಡೆಯಲಾಗದೆ, ಗೇಟು ದಾಟಿದ ಕೂಡಲೇ ಇಮಾಮನಿಗೆ ದೂರಮಾತಿನಲ್ಲಿ ಇದನ್ನೆಲ್ಲ ಹೇಳಿದೆ. ಅವನು ಊರಿಗೆಲ್ಲ ಹೇಳಿದ.

ಆಮೇಲೆ, ಗೇಟು ಇನ್ನೂ ಬೆನ್ನ ಹಿಂದೆ ಕಾಣುತ್ತಿರುವಾಗಲೇ, ಕಡಲು ಕಂಡಿತು. ಕಡಲು ಮೊದಲ ಸಲ ಕಂಡವನು ರಸ್ತೆ ನೋಡುವುದಿಲ್ಲ. ಮಳೆಯಲ್ಲಿ ನೆಂದ ರಸ್ತೆ ಜಾರಿತು. ಗಾಡಿ ಪಕ್ಕದ ಚಪ್ಪರಕ್ಕೆ ನುಗ್ಗಿತು. ಅಲ್ಲಿ ಬೋರಲು ಹಾಕಿದ್ದ ದೋಣಿಯ ಒಂದು ಪಕ್ಕೆಯ ಹಲಗೆಗಳು ಹೊಲಿಗೆ ಬಿಟ್ಟು ಹಾರಿಹೋದವು. ಇಲ್ಲಿ ದೋಣಿಗೆ ಮೊಳೆ ಹೊಡೆಯುವುದಿಲ್ಲ; ತೆಂಗಿನ ನಾರಿನ ಹುರಿಯಿಂದ ಹಲಗೆಗೆ ಹಲಗೆ ಹೊಲಿಯುತ್ತಾರೆ. ನಾನು ಅಭ್ಯಾಸದಂತೆ ರಿಪೇರಿಯಂತ್ರಕ್ಕಾಗಿ ಆಕಾಶ ನೋಡುತ್ತ ನಿಂತೆ. ಬಂದದ್ದು ದೋಣಿಯ ಯಜಮಾನ ಬೊಮ್ಮಯ್ಯ ಹರಿಕಂತ್ರ. ನಾನು ಗುದ್ದಿದ ಮನುಷ್ಯನ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

"ಆಷಾಢ ಮುಗೀತು ಅಂದ್ರೆ ಎಲ್ಲರ ದೋಣಿನೂ ಇಳೀತದೆ, ನಂದು ಇಲ್ಲೇ ಮಲಗಿರ್ತದೆ" ಎಂದ. ಬೈಯಲೂ ಇಲ್ಲ. "ಮಕ್ಳಿಗೆ ಎಂತಾ ಹಾಕ್ಲಿ ಮಾರಾಯ? ಈ ಹಲಗೆ ಬೇಯ್ಸಿ ಹಾಕ್ಲಾ?"

ಆಗ ತಿಳಿಯಿತು ನನಗೆ ಪಡುನೀರಿನ ವಿಮೆ. ಇಲ್ಲಿ ವಿಮೆಯೆಂದರೆ ಕಾಗದವಲ್ಲ, ಕಂಬವಲ್ಲ, ಒಬ್ಬ ಮನುಷ್ಯ. ಹೆಸರು ಹೇಳಿಸಿಕೊಂಡವನು ಬಂದು, ಮುರಿದದ್ದನ್ನು ತನ್ನ ಕೈಯಾರೆ ಸರಿಮಾಡಬೇಕು. ಅವನು 'ಈ ಹುಡುಗ ಯಾರೋ ನನಗೆ ಗೊತ್ತಿಲ್ಲ' ಎಂದರೆ ಅಲ್ಲಿಗೆ ಮುಗಿಯಿತು: ಒಡೆದದ್ದು ಒಡೆದೇ ಇರುತ್ತದೆ, ಬೊಮ್ಮಯ್ಯನಿಗೆ ಈ ವರ್ಷದ ಕಡಲಿಲ್ಲ. ಮತ್ತೂ ಒಂದು ಕಟ್ಟಳೆಯಿದೆ, ಅದನ್ನು ಹೊನ್ನಕ್ಕ ಬೆಂಚು ತೋರಿಸುತ್ತ ಹೇಳಿದರು. "ಮುರಿದವ ಕೈ ಹಚ್ಚೂಕಿಲ್ಲ. ನೋಡ್ತಾ ಕೂರ್ಬೇಕು."

ಕೂಗಿನಿಂದ ಕೂಗಿಗೆ ಹೆಸರು ಘಟ್ಟ ಹತ್ತಿತು. ಬೆಂಚಿನ ಮೇಲೆ ಕೂತು ನಾನು ಲೆಕ್ಕ ಹಾಕಿದೆ: ಕಾಕಾ ಬರುವುದಿಲ್ಲ. ಬಂದರೂ ಉಗಿಯಲು ಬರುತ್ತಾರೆ. ನಾನೇ ಅವರ ಜಾಗದಲ್ಲಿದ್ದರೆ ಉಗಿಯುವುದಕ್ಕೂ ಬರುತ್ತಿರಲಿಲ್ಲ.

ಅವರು ಬಂದರು. ಕರಿಕೋಟು, ಪಟಗಾ, ಶಲ್ಯ, ಎಲ್ಲ ಒದ್ದೆ. ಗಾಡಿಯಿಂದಿಳಿದು ಮೊದಲು ಗೇಟಿಗೆ ಕೈಮುಗಿದರು. ಕಂಬವಿಲ್ಲದ್ದು ನೋಡಿ ಹೊನ್ನಕ್ಕನಿಗೆ ಮುಗಿದರು. ಹೊನ್ನಕ್ಕ ನನ್ನನ್ನು ತೋರಿಸಿ, "ಈ ಹುಡ್ಗ ನಿಮ್ಮ ಹೆಸ್ರು ಹೇಳ್ಯಾನೆ. ಹೌದಾ, ಅಲ್ದಾ?" ಎಂದರು. ಬೊಮ್ಮಯ್ಯ ಚಪ್ಪರದ ಕಂಬ ಹಿಡಿದು ನಿಂತಿದ್ದ. ಕಾಕಾ ನನ್ನನ್ನು ನೋಡಿದರು. ನಾನು ನನ್ನ ಕಾಲಬೆರಳು ನೋಡಿಕೊಂಡೆ.

"ಹೌದ್ರಿ," ಎಂದರು. "ನಮ್ಮ ಹುಡುಗ."

ಆಮೇಲಿನದನ್ನು ಬರೆಯಲು ಕೈ ಏಳುವುದಿಲ್ಲ. ಆದರೆ ಹಿಂದಂಚೆಗೆ ಬೇಕಾದದ್ದೇ ಅದು. ಕಾಕಾ ಕೋಟು ಕಳಚಿ ಗೂಟಕ್ಕೆ ಹಾಕಿದರು. ಕೋಟಿಲ್ಲದ ಅವರನ್ನು ನಾನು ನೋಡಿದ್ದೂ ಅದೇ ಮೊದಲು, ಬಹಳ ಸಣ್ಣವರಾಗಿ ಕಂಡರು. ಜೀವಮಾನದಲ್ಲಿ ಮೈಕು ಬಿಟ್ಟು ಬೇರೇನೂ ಹಿಡಿಯದ ಕೈ ಅದು. ಬೊಮ್ಮಯ್ಯ ಹೇಳಿಕೊಟ್ಟಂತೆ ಹಲಗೆಯ ತೂತಿಗೆ ಹುರಿ ಪೋಣಿಸುವರು, ಎಳೆಯುವರು, ಹುರಿ ಜಾರುವುದು, ಮತ್ತೆ ಪೋಣಿಸುವರು. ನಾರು ಕೊಯ್ದು ಬೆರಳು ಬಾತುಕೊಂಡವು. ದಾರಿಹೋಕರು ನಿಂತು ಮೊದಲು ಅವರನ್ನು ನೋಡುವರು, ಆಮೇಲೆ ಬೆಂಚಿನತ್ತ ತಿರುಗಿ ನನ್ನನ್ನು ನೋಡುವರು. ಒಬ್ಬ ಮುದುಕಿ ನನ್ನ ಕೈಗೊಂದು ಬಾಳೆಹಣ್ಣು ಕೊಟ್ಟು, "ಪಾಪ, ನೋಡುದೇ ಕಷ್ಟದ ಕೆಲಸ" ಎಂದು ಹೋದಳು. ಆ ಹಣ್ಣನ್ನು ಸುಲಿಯದೆ ಬೆಂಚಿನ ಮೇಲಿಟ್ಟೆ.

ದೋಣಿ ಮುಗಿಯುವ ಹೊತ್ತಿಗೆ ತಡೆಯಲಾರದೆ ಕೇಳಿಯೇಬಿಟ್ಟೆ. "ಯಾಕ್ರೀ ಕಾಕಾ ಹೌದಂದ್ರಿ?"

ಅವರು ಹುರಿಯ ಗಂಟು ಬಿಗಿಯುತ್ತ ನಕ್ಕರು. "ಅಲ್ಲಲೇ ತೋಂಟೂ, ಇಷ್ಟ ವರ್ಷ ಆತು, ಯಾರರ ನನ್ನ ಕರದಾರೇನು? ನಾನ ಹೋಗತೇನಿ, ನಾನ ನಿಂದರತೇನಿ, ನಾನ ಮಾತಾಡತೇನಿ. ಮಂದಿ ಎದ್ದ ಹೋಗತಾರ. ಮೊನ್ನೆ ಘಟ್ಟದ ಕಡಿಂದ ನನ್ನ ಹೆಸರ ಕೂಗಕೋತ ಬಂತು ನೋಡು, ಬಿರುದ ಸೈತ! ಅಡಗಿ ಮನ್ಯಾಗಿದ್ದೆ. ಹಂಗ ಬಂದೇನಿ, ರೊಟ್ಟಿ ಹಂಚಿನ ಮ್ಯಾಲೇ ಬಿಟ್ಟು." ಆಮೇಲೆ ದನಿ ತಗ್ಗಿಸಿ, "ಊರಿಗೆ ಹೋದ ಕೂಡಲೇ ಚೌಕದಾಗ ಇದರ ಮ್ಯಾಲೇ ಒಂದು ಭಾಷಣಾ ಇಟಗೊಂಡೇನಿ. 'ನನ್ನ ಹೆಸರು ಹೇಳಿದ ಹುಡುಗ' ಅಂತ. ಹೆಂಗೈತಿ?" ಎಂದರು.

ಪೂರ್ವಜರೇ, ಊರಿಗೆಲ್ಲ ವಿಷಯ ಗೊತ್ತಿತ್ತು. ಇಮಾಮ ಹೇಳಿದ್ದ, ಇಮಾಮನಿಗೆ ನಾನು ಹೇಳಿದ್ದೆ. ಕಾಕಾ ಚೌಕದಲ್ಲಿ ನಿಂತು ಆ ಭಾಷಣ ಶುರುಮಾಡಿದರೆ ಕಟ್ಟೆಯ ತುಂಬ ಜನ ನಿಂತು ನಗುವರು, ಅವರು ಅದನ್ನು ಚಪ್ಪಾಳೆಯೆಂದು ತಿಳಿದು ಕೈಮುಗಿಯುವರು. ನನ್ನ ಕಣ್ಣಿಗೆ ಅದು ಕಟ್ಟಿದಂತಾಯಿತು. ಹೇಳದಿದ್ದರೆ ಅವರ ಸಂತೋಷ ಊರ ಬಾಗಿಲ ತನಕ ಉಳಿಯುತ್ತದೆ, ಅಷ್ಟೇ. ಎಲ್ಲವನ್ನೂ ಹೇಳಿಬಿಟ್ಟೆ. ಹೆಸರನ್ನು ಚೇಷ್ಟೆಗೆ ಹೇಳಿದ್ದು, ಕಂಬದ ಕೂಗು, ಸಗಣಿ, ಕಟ್ಟೆ, ಎಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಣ್ಣಾಗ ಧೂಳ ಇರಲಿಲ್ಲೇನು?" ಎಂದಷ್ಟೇ ಕೇಳಿದರು. ಇರಲಿಲ್ಲ ಎಂದೆ. ಕೊನೆಯ ಗಂಟು ಹಾಕಿ, ಬೊಮ್ಮಯ್ಯನಿಗೆ ದೋಣಿ ಒಪ್ಪಿಸಿ, ಕೋಟು ತೊಟ್ಟು, ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಬಾತ ಬೆರಳಿಗೆ ಗುಂಡಿ ಸಿಕ್ಕುತ್ತಿರಲಿಲ್ಲ. ಭಾಷಣವಿಲ್ಲ. ದೋಣಿಯ ಒಂದು ಇಡೀ ಪಕ್ಕೆ ಹೊಲಿದು ಮುಗಿಸಿ ಒಂದು ಮಾತಿಲ್ಲ. ಅಂದಾನೆಪ್ಪ ಕಾಕಾರ ಮೌನವನ್ನು ನಮ್ಮೂರಲ್ಲಿ ಯಾರೂ ಕೇಳಿಲ್ಲ. ನಾನು ಕೇಳಿದೆ, ಮತ್ತೊಮ್ಮೆ ಕೇಳುವ ಧೈರ್ಯವಿಲ್ಲ.

ಗೇಟಿಗೆ ಬಂದರು. ಪಡುನೀರಿನಲ್ಲಿ ಒಳಬರುವಾಗ ಕೇಳುವುದನ್ನು ಹೊರಹೋಗುವಾಗಲೂ ಕೇಳುತ್ತಾರೆ. ಅವರು ಬರುವಾಗ ತಾವೇ ಹೊಣೆಗಾರರಾಗಿ ಬಂದದ್ದರಿಂದ ಕೇಳಿರಲಿಲ್ಲ. ಈಗ ಹೊನ್ನಕ್ಕ ಎದ್ದು, "ಯಾರ ಹೊಣೆ?" ಎಂದರು. ಈ ದೇಶದಲ್ಲಿ ಅವರಿಗೆ ಬೊಮ್ಮಯ್ಯನ ಹೊರತು ಯಾರ ಪರಿಚಯವೂ ಇಲ್ಲ. ಅವನ ಹೆಸರು ಹೇಳಬಹುದಿತ್ತು. ಅವನು ಹೇಳಿಸಿಕೊಳ್ಳಲು ಅರ್ಧ ಮುಂದೆ ಬಂದೂ ಇದ್ದ. ಕಾಕಾ ಗಾಡಿಯ ಮೇಲೆ ನೆಟ್ಟಗೆ ಕೂತು, ಗಂಭೀರವಾಗಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದರು.

"ಸಗಣಿಭೂಷಣ ತೋಂಟೇಶ."

ಹೊನ್ನಕ್ಕ ನಾಲ್ಕೂ ದಿಕ್ಕಿಗೆ ಕೂಗಿದರು. ಬಿರುದು ಸಮೇತ. ಗೇಟಿನಲ್ಲಿದ್ದವರು ಮರುಕೂಗು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಹೌದಾ, ಅಲ್ದಾ?" ಎಂದರು. ನನ್ನ ಬಾಯಲ್ಲಿ ಒಂದು ಚೇಷ್ಟೆಯ ಮಾತೂ ಇರಲಿಲ್ಲ. "ಹೌದು" ಎಂದೆ.

ಆಗ ಸಭಾಭೂಷಣರು ತಮ್ಮ ಗಾಡಿಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. ಹಿಂದಿರುಗಿ ನೋಡಿ ಗುರಿ ಸರಿಮಾಡಿಕೊಂಡರು. ಆಮೇಲೆ ಮುಂದಕ್ಕೆ ಬಂದು ಹೊನ್ನಕ್ಕನ ಬಿದಿರುತಟ್ಟಿಯ ಗೇಟಿನ ಮೇಲೆ ಗಾಡಿ ಹಾಯಿಸಿದರು. ಒಮ್ಮೆ ಹೋದರು. ಅಲ್ಲಲ್ಲಿ ಉಳಿದಿದ್ದ ಕಡ್ಡಿಗಳಿಗಾಗಿ ಮತ್ತೊಮ್ಮೆ ಬಂದರು. ಇಳಿದು, ಪಟಗಾ ಸರಿಮಾಡಿಕೊಂಡು, ಬಂದು ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, "ಏಳ ನೀ. ಮುರದಾಂವ ನೋಡಕೋತ ಕುಂದರಬೇಕು" ಎಂದರು.

ಹೊನ್ನಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದವರು, ಒಂದು ಕತ್ತಿ, ಒಂದು ಹೊರೆ ಬಿದಿರು ತಂದು ನನ್ನ ಮುಂದೆ ಹಾಕಿದರು.

ಅಲ್ಲಿಂದ ಇಲ್ಲಿಯವರೆಗೆ ಹೆಣೆಯುತ್ತಿದ್ದೇನೆ. ನಡುನಡುವೆ ಈ ಪತ್ರ. ಅಕ್ಷರ ಸೊಟ್ಟಗಿದ್ದರೆ ಬಿದಿರಿನ ಸಿಬಿರು ಕಾರಣ. ನನ್ನ ಬೆರಳೂ ಈಗ ಕಾಕಾರ ಬೆರಳಿನಂತಾಗಿದೆ. ತಟ್ಟಿ ಅರ್ಧವಾಗಿದೆ, ಆ ಅರ್ಧವೂ ಹಾವಿನ ಹಾಗೆ ಹೋಗಿದೆ. ಬೊಮ್ಮಯ್ಯ ದೋಣಿಗೆ ಎಣ್ಣೆ ಉಜ್ಜುತ್ತಿದ್ದಾನೆ. ಆಷಾಢ ಯಾವತ್ತು ಬೇಕಾದರೂ ಮುಗಿಯಲಿ, ಅವನಿಗೆ ಚಿಂತೆಯಿಲ್ಲ. ಕಾಕಾ ಮಾತ್ರ ಬೆಂಚಿನ ಮೇಲೆ ಕೈಕಟ್ಟಿ ಕೂತು ನೋಡುತ್ತಿದ್ದಾರೆ. ನಗುತ್ತಿಲ್ಲ. ಮಾತಿಲ್ಲ. ನಾನು ಒಂದು ಕಡ್ಡಿ ತಪ್ಪು ಹೆಣೆದರೆ ನಾಲಗೆ ಲೊಚಗುಡುತ್ತಾರೆ, ಅಷ್ಟೇ.

ತಮ್ಮಲ್ಲಿ ಒಂದು ಬಿನ್ನಹವಿತ್ತು. ಮುಂದಿನ ಸಲ ಸರ್ಕಲ್ಲಿನಲ್ಲಿ ತಮ್ಮನ್ನು ನಿಲ್ಲಿಸಿ ಕಾಗದ ಕೇಳಿದಾಗ ಕಾಗದ ತೋರಿಸಿ. ತೋರಿಸುತ್ತ ಮನಸ್ಸಿನಲ್ಲೇ ಒಮ್ಮೆ ಹೊನ್ನಕ್ಕನ ಪ್ರಶ್ನೆ ಕೇಳಿಕೊಳ್ಳಿ. ಥಟ್ಟನೆ ಯಾರ ಹೆಸರು ಬರುತ್ತದೆ, ಅವರು ಒಲೆಯ ಮೇಲಿನ ರೊಟ್ಟಿ ಬಿಟ್ಟು ಬರುತ್ತಾರೆಯೇ, ಮತ್ತು ತಮ್ಮ ಹೆಸರು ಯಾರ ಬಾಯಲ್ಲಿ ಬರುತ್ತದೆ ಎಂದು ನೋಡಿ. ಇದು ತಮಗೆ ಉಪಯೋಗವಾಗುವಂತಿದ್ದರೆ ಹಿಂದಂಚೆಯವರು ಅಳಿಸಿಹಾಕುತ್ತಾರೆ. ಅಳಿಸಿರದಿದ್ದರೆ, ಉಪಯೋಗವಿಲ್ಲವೆಂದೇ ತಿಳಿದು ಕೇಳಿಕೊಳ್ಳಿ.

ಇನ್ನೂ ಬರೆಯುವುದಿತ್ತು. ಆದರೆ ಈಗಷ್ಟೇ ಬೆಂಚಿನ ಕಡೆಯಿಂದ ಒಂದು ಸದ್ದಾಯಿತು. ಕಾಕಾ ಎದ್ದು ನಿಂತಿದ್ದಾರೆ. ಶಲ್ಯ ಹೆಗಲಿಗೇರಿಸಿ, ಗಂಟಲು ಸರಿಮಾಡಿಕೊಂಡು, ನನಗೆ, ಹೊನ್ನಕ್ಕನಿಗೆ, ಸುಲಿದಿಟ್ಟ ಸಿಗಡಿಗೆ ಒಟ್ಟಾಗಿ ಕೈಮುಗಿದರು. "ಪಡುನೀರಿನ ಮಹಾಜನಗಳೇ" ಎಂದರು.

ಪತ್ರ ಇಲ್ಲಿಗೆ ಬಿಡುತ್ತೇನೆ. ಕೊನೆಯ ತನಕ ಕೇಳಬೇಕಾಗಿದೆ.

ತಮ್ಮ ವಂಶದ ತುದಿಯಲ್ಲೆಲ್ಲೋ ನೇತಾಡುತ್ತಿರುವ,
ತೋಂಟೇಶ
(ಬಿರುದನ್ನು ಮೇಲೆ ನಮೂದಿಸಲಾಗಿದೆ)